ಎಡಕ್ಕೆ ಸುತ್ತಿದ ತಂತಿ

“ಅಕ್ಕಾ, ಇದು ನಾನು ಹಾಕಿದ ಬ್ಯಾಟರಿ ಅಲ್ಲ!”

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈ ಹಾಗೆಯೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚದೆ ನಡುಮನೆಗೆ ಓಡಿದೆ.

ಗೋಡೆಯ ಫೋನಿನ ಕೆಳಗಿದ್ದ ಮರದ ಪೆಟ್ಟಿಗೆ ತೆರೆದಿತ್ತು. ಫೋನಿನ ವೈರ್‌ಮನ್ ಬೆಳ್ಳಿಯಪ್ಪ ಅದರ ಮುಂದೆ ಕುಳಿತಿದ್ದ. ಒಳಗೆ ಎರಡು ಬ್ಯಾಟರಿಗಳು—ಒಂದೊಂದೂ ಸೀಮೆಎಣ್ಣೆ ಬಾಟಲಿಯಷ್ಟು ದಪ್ಪ. ತಳದಲ್ಲಿ ಬಿಳಿ ಉಪ್ಪು ಒಸರಿತ್ತು.

“ನಿಮ್ಮ ಯಜಮಾನರು ಆಸ್ಪತ್ರೆಗೆ ಹೋದ ಮಾರನೇ ದಿನ, ಸೋಮವಾರ, ನಾನು ಹೊಸದು ಹಾಕಿ, ಹಳೇದನ್ನ ಈ ಮೂಲೇಲಿ ಇಟ್ಟು ಹೋಗಿದ್ದೆ. ಈಗ ನೋಡಿದ್ರೆ ಹಳೇದೇ ಒಳಗೆ ಉಂಟು. ಹೊಸದೆಲ್ಲಿ?”

“ಅದನ್ನ ಕೇಳ್ಬೇಕಾದ್ದು ನಾವು. ನೀನಲ್ಲ,” ಎಂದರು ಬೊಳ್ಳಪ್ಪ ಮಾವ.

ಮಾವ ನನ್ನ ಯಜಮಾನರ ಚಿಕ್ಕಪ್ಪ. ಪೊಲೀಸ್ ದಫೇದಾರರಾಗಿದ್ದು, ಕೊಡಗು ಮೈಸೂರಿಗೆ ಸೇರಿದ ವರ್ಷ ಪೆನ್ಶನ್ ಆದವರು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು ಇನ್ನೂ ಹೋಗಿರಲಿಲ್ಲ.

“ಯಮುನಾ, ಆ ಬುಧವಾರದ್ದು ಮತ್ತೊಮ್ಮೆ ಹೇಳು.”

ಹೇಳಿದೆ. ನನ್ನ ಯಜಮಾನರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪದ್ಮಯ್ಯ, ಹೊಟ್ಟೆನೋವಿನಿಂದ ಭಾನುವಾರ ಮಡಿಕೇರಿ ಆಸ್ಪತ್ರೆ ಸೇರಿದ್ದರು. ಬುಧವಾರ ಮಧ್ಯಾಹ್ನ ಫೋನ್ ಬಂತು. ಅವರದೇ ದನಿ. “ಯಮುನಾ? ಪೊನ್ನು? ಆಪರೇಷನ್ ನಾಳೆಯೇ ಅಂತೆ... ಕೇಳ್ತದಾ?” ಕೇಳ್ತದೆ, ಕೇಳ್ತದೆ ಎಂದು ಕೂಗಿದೆ. ಪಕ್ಕದಲ್ಲಿದ್ದ ಮಗಳೂ ಕೂಗಿದಳು. “ಮನೇಲಿ ಯಾರೂ ಇಲ್ಲ ಕಾಣ್ತದೆ,” ಎಂದು ಅವರು ಪಕ್ಕದ ಯಾರಿಗೋ ಹೇಳಿದ್ದು ಕೇಳಿಸಿತು. ಫೋನ್ ಇಟ್ಟುಬಿಟ್ಟರು.

ಗುರುವಾರ ಆಪರೇಷನ್ ಮೇಜಿನಿಂದ ಅವರು ಏಳಲಿಲ್ಲ.

ಅಂದಿನಿಂದ ಎಂಟು ವರ್ಷದ ಪೊನ್ನಮ್ಮ ಬಾಯಿ ಬಿಟ್ಟಿಲ್ಲ. ಹಸಿವು ಎನ್ನುವುದಿಲ್ಲ. ಅಳುವುದೂ ಇಲ್ಲ. ಕಳ್ಳ ಸಿಕ್ಕಿದರೆ ನನ್ನ ಮನೆಗೇನು ಬರುತ್ತದೆ? ಆದರೆ ಅವಳ ಮಾತು ಎಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ತಿಳಿಯಲೇಬೇಕಿತ್ತು.

“ಏ ಬೆಳ್ಳಿಯಪ್ಪ, ಗಂಟೆ ಹೊಡೆಯಿತು, ಅವನ ಮಾತೂ ಕೇಳಿತು. ಮತ್ತೆ ಒಳಗಿದ್ದದ್ದು ಸತ್ತ ಹಳೇ ಬ್ಯಾಟರಿ ಅಂತ ಹೇಗೆ ಹೇಳ್ತೀಯ?”

“ಗಂಟೆಗೂ, ಕೇಳ್ಲಿಕ್ಕೂ ಇದು ಬೇಡ ದಫೇದಾರ್ರೇ. ನಮ್ಮ ಮಾತು ಆಚೆ ಹೋಗ್ಲಿಕ್ಕೆ ಮಾತ್ರ ಬೇಕು.”

“ಹೊಸದನ್ನ ಚೀಲಕ್ಕೆ ಹಾಕ್ಕೊಂಡು ಹಳೇದನ್ನೇ ಕೂರಿಸಿದೆ—ಅಲ್ವಾ?”

“ಇಗ್ಗುತಪ್ಪನಾಣೆ ಇಲ್ಲ! ಇದು ಮೇಲಿನವರ ಕಿವಿಗೆ ಬಿದ್ರೆ ನನ್ನ ಕೆಲಸ ಹೋಗ್ತದೆ.”

“ಅವನಲ್ಲ ಮಾವ,” ಎಂದೆ. “ಮಂಗಳವಾರ ನಾನು ಇದೇ ಫೋನಲ್ಲಿ ಎಸ್ಟೇಟ್ ಬಂಗಲೆಗೆ ಮಾತಾಡಿದ್ದೆ. ಅಲ್ಲಿನ ಅಡಿಗೆಯವನು, ಮೆಲ್ಲಗೆ ಮಾತಾಡಿ, ಕಿವಿ ಹರಿದುಹೋಗ್ತದೆ ಅಂದಿದ್ದ.”

“ಹಾಗಾದ್ರೆ ಬದಲಾದ್ದು ಆಮೇಲೆ. ಬುಧವಾರ ಮಧ್ಯಾಹ್ನದ ಒಳಗೆ. ಮನೇಲಿ ಯಾರಿದ್ರು?”

“ನಾನು, ಪೊನ್ನು. ಹಿತ್ತಲಲ್ಲಿ ಮುದ್ದಿ.”

ಮುದ್ದಿ ನಮ್ಮಲ್ಲಿ ಏಲಕ್ಕಿ ಒಣಗಿಸುವವಳು. ಕರೆಸಿದ್ದೇ ತಡ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ನಾನು ಬ್ಯಾಟರಿ ಕದ್ದು ಎಂತ ಮಾಡ್ಲಿ ದಫೇದಾರ್ರೇ? ನನ್ನ ಕೋಳಿಗಳಿಗೆ ಫೋನ್ ಮಾಡ್ಲಾ?”

“ಒಣಗಿಸೋ ಕೋಣೆಗೆ ನಿನ್ನ ಬಿಟ್ಟು ಬೇರೆ ಯಾರು ಬರ್ತಾರೆ?”

“ಯಾರೂ ಇಲ್ಲ. ಮಗು ಒಂದು ಬರ್ತಿತ್ತು. ಆ ಬುಧವಾರದಿಂದ ಅದೂ ಬರುದಿಲ್ಲ.”

ಮಾವ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯೊಳಗೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

“ಬೆಳ್ಳಿಯಪ್ಪ, ತಿರುಪಿಗೆ ತಂತಿ ಯಾವ ಕಡೆಗೆ ಸುತ್ತುತ್ತೀಯ?”

“ಬಲಕ್ಕೆ. ಎಡಕ್ಕೆ ಸುತ್ತಿದ್ರೆ ಬಿಗಿ ಮಾಡುವಾಗ ಬಿಚ್ಚಿಕೊಳ್ತದೆ.”

“ಇದು ಎಡಕ್ಕೆ ಉಂಟು. ಇಕ್ಕಳದ ಗುರುತೂ ಇಲ್ಲ. ಬರಿಗೈಯಲ್ಲಿ ಮಾಡಿದ ಕೆಲಸ.”

ನಾನೂ ಬಗ್ಗಿ ನೋಡಿದೆ. ನನ್ನ ಯಜಮಾನರು ಎಡಚರು. ಬೇಲಿಯ ತಂತಿ, ಏಲಕ್ಕಿ ಚೀಲದ ದಾರ, ಮಗಳ ಜಡೆಯ ರಿಬ್ಬನ್—ಎಲ್ಲವನ್ನೂ ಎಡಕ್ಕೇ ಸುತ್ತುತ್ತಿದ್ದರು. ಅವರದೇ ಕೈ! ಆದರೆ ಮಂಗಳವಾರ ಅವರು ಮಡಿಕೇರಿಯಲ್ಲಿ ಮಲಗಿದ್ದರಲ್ಲ?

“ಅವನ ತೊಡೆ ಮೇಲೆ ಕೂತು ಆ ಕೈಯನ್ನೇ ನೋಡ್ತಾ ಕಲಿತವರು ಯಾರು ಯಮುನಾ?”

ಪೊನ್ನು ಎಲ್ಲೆಂದು ಸುತ್ತ ನೋಡಿದೆ. ಮಾವನೇ ಹಿತ್ತಲಿಗೆ ನಡೆದರು. ಸದಾ ಬೆಂಕಿಯ ಕಾವಿರುವ ಒಣಗಿಸುವ ಕೋಣೆಯಲ್ಲಿ, ಏಲಕ್ಕಿ ಹರಡುವ ಕೆಳಗಿನ ತಟ್ಟೆಯ ಹಿಂದಿನಿಂದ ಒಂದು ಗಂಟು ತೆಗೆದರು. ನನ್ನ ಯಜಮಾನರ ಮಫ್ಲರ್. ಒಳಗೆ ಎರಡು ಹೊಸ ಬ್ಯಾಟರಿ. ಎರಡಕ್ಕೂ ಏಲಕ್ಕಿಯ ಘಮ ಹತ್ತಿತ್ತು.

ನಾವು ನಡುಮನೆಗೆ ಬಂದೆವು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಹೇಳಿದರು. “ಪದ್ಮಯ್ಯ ಟಾರ್ಚಿನ ಬ್ಯಾಟರೀನ ಬೆಳಿಗ್ಗೆ ತೆಗೆದು ಬೆಚ್ಚಗೆ ಇಡ್ತಿದ್ದ. ಒಳಗೇ ಬಿಟ್ರೆ ಶಕ್ತಿ ಕರಗ್ತದೆ ಅಂತಿದ್ದ. ಆಸ್ಪತ್ರೆಗೆ ಜೀಪು ಹತ್ತುವಾಗ ಮಗೂಗೆ ಎಂತ ಹೇಳಿದ?”

“ಶುಕ್ರವಾರ ಆಪರೇಷನ್. ಆದ ಕೂಡಲೇ ಫೋನ್ ಮಾಡ್ಸ್ತೇನೆ, ನೀನೇ ಎತ್ತಬೇಕು ಪೊನ್ನು—ಅಂದ್ರು.”

“ಹೂಂ. ಬ್ಯಾಟರಿ ತೆಗೆದದ್ದು ಪೊನ್ನು. ನೀನು ಬಂಗಲೆಗೆಲ್ಲ ಮಾತಾಡಿ ಅದರ ಶಕ್ತಿ ಮುಗಿಸ್ತೀಯ ಅಂತ ಹೆದರಿದ್ಲು. ಶುಕ್ರವಾರಕ್ಕೆ ಉಳಿಸಿಟ್ಲು. ಪೆಟ್ಟಿಗೆ ಖಾಲಿ ಕಾಣಬಾರ್ದು ಅಂತ ಹಳೇದನ್ನ ಒಳಗಿಟ್ಲು. ಅವನ ಆಪರೇಷನ್ ಒಂದು ದಿನ ಮುಂಚೆ ಆಗ್ತದೆ ಅಂತ ಅವಳಿಗೇನು ಗೊತ್ತು?”

ಅಡಿಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂತು.

“ಬೆಳ್ಳಿಯಪ್ಪ, ನನ್ನಿಂದ ತಪ್ಪಾಯ್ತು ಮಾರಾಯ,” ಎಂದರು ಮಾವ.

ಬೆಳ್ಳಿಯಪ್ಪ ತಲೆ ತಗ್ಗಿಸಿ ಹಳೆಯದನ್ನು ಬಿಚ್ಚಿದ. ಹೊಸದನ್ನು ಇಟ್ಟ. ತಂತಿಯನ್ನು ಬಲಕ್ಕೆ ಸುತ್ತಿ ಇಕ್ಕಳದಿಂದ ಬಿಗಿದ.

ಆಗ ಕಂಡೆ—ಬಾಗಿಲ ಹಿಂದೆ ಪೊನ್ನು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಹಿಟ್ಟಿನ ಕೈಯಲ್ಲೇ ಮಂಡಿಯೂರಿ ತೋಳು ಚಾಚಿದೆ. ಅವಳು ಬಂದಳು. ನನ್ನ ಮುಖ ನೋಡಲಿಲ್ಲ. ಬೆಳ್ಳಿಯಪ್ಪ ಮುಚ್ಚುತ್ತಿದ್ದ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ತುಟಿ ಅಲುಗಿತು. ಹನ್ನೆರಡು ದಿನ ಮುಚ್ಚಿದ್ದ ದನಿ ಒರಟಾಗಿ ಹೊರಬಂತು.

“ಅವ್ವ, ಈಗ ಹೊಸದು ಹಾಕಿ ಆಯ್ತಲ್ಲ... ಅವತ್ತು ನಾವು ಮನೇಲೇ ಇದ್ದೆವು ಅಂತ ಅಪ್ಪಂಗೆ ಹೇಳ್ಲಿಕ್ಕೆ ಆಗ್ತದಾ?”