ಬಡಗಣ ಗೋಡೆಯ ನೀರು

“ಮೂರು ಗ್ವಾಡೆ ಏನಾರ ಮಾಡ್ಕಳಿ. ಬಡಗಲ ಗ್ವಾಡೆ ಮಾತ್ರ ಬಿಚ್ಬ್ಯಾಡಿ ಕಣವ್ವಾ.”

ಕ್ಯಾಬಿನ್ನಿನ ಕಸ ಗುಡಿಸಿ ಬೀಗದ ಕೈ ಕಾಯುವ ಬೆಳ್ಳಮ್ಮ, ಅದನ್ನು ಹಂಸಳ ಅಂಗೈಗೆ ಹಾಕಿದವಳೇ ಮೆಟ್ಟಿಲಿನಿಂದ ಹಿಂದಕ್ಕೆ ಸರಿದು ನಿಂತಳು.

ಹಂಸ ನಕ್ಕಳು. “ಯಾಕೆ, ದೆವ್ವ ಬಿಡಾರ ಹೂಡಿದೆಯಾ?”

“ಅದು ಮಳೆ ನೀರಲ್ಲ.”

“ಮಳೆ ನೀರಲ್ಲ ಅಂತ ನನಗೂ ಗೊತ್ತು. ಉಸಿರಿನ ನೀರು.”

ಹಾಸನದಲ್ಲಿ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜುಗಳಿಗೆ ಗೋಡೆ ಕಟ್ಟಿಸುವುದು ಹಂಸಳ ಕೆಲಸ. ಒಳಗಿನ ಬಿಸಿ ಉಸಿರು ತಣ್ಣನೆಯ ಹಲಗೆಗೆ ತಗುಲಿ ಹೇಗೆ ನೀರಾಗುತ್ತದೆ, ಎಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು, ಎಲ್ಲಿ ಗಾಳಿಗೆ ಕಿಂಡಿ ಬಿಡಬೇಕು ಎಂಬುದು ಹನ್ನೊಂದು ವರ್ಷಗಳಲ್ಲಿ ಅವಳ ಬೆರಳ ತುದಿಗೆ ಬಂದಿತ್ತು. ಕಟ್ಟಾಯದಾಚೆ ಹೇಮಾವತಿಯ ಹಿನ್ನೀರಿನ ದಂಡೆಯಲ್ಲಿದ್ದ ಈ ಮರದ ಕ್ಯಾಬಿನ್ನು ಅವಳ ಅಕ್ಕ ಚೂಡಾಮಣಿಯದು. ಅಕ್ಕ, ಭಾವ, ಇಬ್ಬರು ಮಕ್ಕಳು ಹೊಳೆನರಸೀಪುರದಿಂದ ಚಳಿಗಾಲದಲ್ಲಷ್ಟೇ ಬಂದು ಇಲ್ಲಿ ಉಳಿಯುತ್ತಿದ್ದರು. ಉಳಿದ ತಿಂಗಳೆಲ್ಲ ಬೀಗ. ಈ ಸಲ ಗೋಡೆ ಬೆವರುತ್ತಿದೆ, ಕಂಬಳಿಗಳೆಲ್ಲ ಬೂಸಲು ಎಂದು ಅಕ್ಕ ಫೋನು ಮಾಡಿದ್ದಳು.

“ಕೆಲಸದವರನ್ನ ಕಳಿಸಬೇಡ ಹಂಸಿ. ನೀನೇ ಬಂದು ನಿನ್ನ ಕೈಯಾರೆ ಬಿಚ್ಚಿ ನೋಡು.”

ಅಮ್ಮ ಹೋದ ಮೇಲೆ ಹಂಸಳಿಗೆ ತಲೆ ಬಾಚಿ, ಊಟ ಕಲಸಿ ಬಾಯಿಗಿಟ್ಟು ಬೆಳೆಸಿದವಳು ಅಕ್ಕ. ಅಕ್ಕ ಏನನ್ನಾದರೂ ಕೇಳಿದ್ದೇ ಅಪರೂಪ. ಹಂಸ ಅಂದೇ ರಜೆ ಹಾಕಿದ್ದಳು.

ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ ಮುಖಕ್ಕೆ ರಾಚಿತು. ಅದರಡಿಯಲ್ಲಿ ಇನ್ನೊಂದು ವಾಸನೆ: ಬಹುದಿನ ಮಲಗಿದ ರೋಗಿಯ ಹಾಸಿಗೆಯದು. ಹಂಸ ತೇವ ಅಳೆಯುವ ಮೀಟರಿನ ಮುಳ್ಳುಗಳನ್ನು ಹಲಗೆಗೆ ಚುಚ್ಚಿದಳು. ಮೂರು ಗೋಡೆಗಳಲ್ಲೂ ಶೇಕಡಾ ಹನ್ನೆರಡು. ಬಡಗಣ ಗೋಡೆಯಲ್ಲಿ ಮೂವತ್ತೆಂಟು. ನೋಡುತ್ತಿದ್ದಂತೆ ನಲವತ್ತೊಂದು. ಅಂಗೈ ಒತ್ತಿದಳು. ಹಲಗೆ ಬೆಚ್ಚಗಿತ್ತು, ಜ್ವರ ಬಂದವರ ಬೆನ್ನಿನ ಹಾಗೆ.

ಬೆಚ್ಚಗಿನ ಗೋಡೆ ಬೆವರುವುದಿಲ್ಲ. ಕಲಿತದ್ದು ಮೊದಲ ಬಾರಿಗೆ ಕೈಕೊಟ್ಟಿತು. ಆದರೂ ಸ್ಕ್ರೂ ಬಿಚ್ಚಿದಳು.

ಹಲಗೆ ಕಿತ್ತು ಬಂತು. ಚಳಿ ತಡೆಯಲೆಂದು ಒಳಗೆ ತುಂಬಿದ್ದ ಗಾಜಿನ ಹತ್ತಿ ಕೊಳೆತ ಮಾಂಸದಂತೆ ಜೋತುಬಿತ್ತು. ಅದರ ನಡುವೆ ಅರಗು ಮೆತ್ತಿದ ಒಂದು ಮಣ್ಣಿನ ಕುಡಿಕೆ. ಬಾಯಿಗೆ ಕಟ್ಟಿದ ನೀಲಿ ಬಟ್ಟೆಯ ಅಂಚಿನಲ್ಲಿ ಇಸ್ತ್ರಿ ಸುಟ್ಟ ಕಲೆ. ಹಂಸಳದೇ ದುಪಟ್ಟ! ಅಕ್ಕನ ಮಹಡಿಯಲ್ಲಿ ಒಣಗಹಾಕಿದ್ದು. ಗಾಳಿಗೆ ಹಾರಿಹೋಯಿತು ಎಂದಿದ್ದಳು ಅಕ್ಕ.

ಕುಡಿಕೆ ತಾನಾಗಿಯೇ ಬಿರಿಯಿತು. ಬಿಸಿನೀರು ಅವಳ ಮುಂಗೈ ಮೇಲೆ ಹರಿದು, ನೆಲಕ್ಕೆ ಬೀಳದೆ ಚರ್ಮದೊಳಕ್ಕೆ ಇಂಗಿತು.

ಮೊದಲು ಪಾದ ಭಾರವಾಯಿತು. ಆಮೇಲೆ ಮೀನಖಂಡ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಗೋಡೆ ಹಿಡಿದು ಹೊಸಿಲವರೆಗೆ ಬಂದಳು. ಬೆಳ್ಳಮ್ಮ ಅಂಗಳದ ತುದಿಗೆ ಓಡಿ ನಿಂತಿದ್ದಳು.

“ಮುಟ್ಟಬ್ಯಾಡಿ ನನ್ನ! ತಪ್ಪು ತಿಳ್ಕಬ್ಯಾಡಿ ಕಣವ್ವಾ. ಮಾರ್ಲಾಮಿ ಅಮಾಸೇಲಿ ನಿಮ್ಮಕ್ಕೋರು ಮಂತ್ರವಾದಿ ಕರ್ಕಂಬಂದಿದ್ರು. ನಿಮ್ ಭಾವನ ಮೈನೀರ ಕುಡಿಕೇಲಿ ಕಟ್ಟಿ ಗ್ವಾಡೇಲಿಟ್ರು. ಯಾರೆಸರಿಗೆ ಅಂದ. ಅಕ್ಕೋರು ಆ ಬಟ್ಟೆ ಕೊಟ್ರು.”

ಮಳೆಗಾಲದಲ್ಲಿ ಭಾವ ವರದರಾಜನ ಮೈಗೆಲ್ಲ ನೀರು ತುಂಬಿತ್ತು. ವೈದ್ಯರು ಕೈಚೆಲ್ಲಿದ್ದರು. ದೀಪಾವಳಿಗೆ ಎದ್ದು ಓಡಾಡುತ್ತಿದ್ದ. ಆ ದಿನ ಸಂತೋಷಕ್ಕೆ ಅತ್ತವಳು ಹಂಸ.

“ಬಿಡಿಸೋ ದಾರಿ?”

“ಹೊತ್ತು ಮುಳುಗೋಗಂಟ ಅದು ನೆಲೆ ನಿಲ್ಲಾಕಿಲ್ಲ. ಅಷ್ಟ್ರೊಳ್ಗೆ ಯಾರು ಮುಟ್ಟುದ್ರೆ ಅವ್ರಿಗೆ ಹೋಯ್ತದೆ. ಅಕ್ಕೋರು ಹೊಂಟೋದ್ಮೇಲೆ ನನಗೊಬ್ಬಳ್ಗೇ ಹೇಳಿ ಹೋದ ಆ ಮಂತ್ರವಾದಿ, ಉಸಾರು ಅಂತ.”

ಹಂಸ ಅಕ್ಕನಿಗೆ ಫೋನು ಮಾಡಿದಳು. ಮಾತಿಗೆ ಮೊದಲೇ ಆ ಕಡೆಯಿಂದ ಪ್ರಶ್ನೆ ಬಂತು.

“ಬಿಚ್ಚಿದ್ಯಾ? ನೀನೇನಾ?”

“ಬಾ ಅಕ್ಕ. ಒಂದ್ಸಲ ಬಂದು ನನ್ನ ಮುಖ ನೋಡು.”

ಒಂದು ಗಂಟೆಯೊಳಗೆ ಕಾರು ಬಂತು. ಹೊತ್ತು ಹಿನ್ನೀರಿನ ಮೇಲೆ ಗೇಣುದ್ದ ಉಳಿದಿತ್ತು. ಅಕ್ಕ ಅಂಗಳದ ನಡುವೆ ನಿಂತಳು. ಮೆಟ್ಟಿಲ ಹತ್ತಿರ ಬರಲಿಲ್ಲ.

“ಅವರ ಕಾಲು ಮತ್ತೆ ಊದೋಕೆ ಶುರುವಾಗಿತ್ತು ಹಂಸಿ. ಗೋಡೆ ಇನ್ನು ತಡೆಯಲ್ಲ ಅಂದರು ಮಂತ್ರವಾದಿ.”

“ನಾನೇ ಯಾಕೆ?”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗಿನೊಳಗಿಂದಲೇ ಹೇಳಿದಳು. “ಅವರಿಗೆ ಎರಡು ಮಕ್ಕಳಿದ್ದಾವೆ. ನಿನಗೆ ಯಾರಿದ್ದಾರೆ?”

ಹಂಸಳ ಹೊಟ್ಟೆಯೊಳಗೆ ನೀರು ಏರುತ್ತಿತ್ತು. ಆದರೆ ಉಸಿರು ಕಟ್ಟಿದ್ದು ಆ ಮಾತಿಗೆ. ನೀನಿದ್ದೆಯಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಹಾಗೇ ಮುಚ್ಚಿ, ಹೊತ್ತು ಎಷ್ಟು ಉಳಿದಿದೆ ಎಂದು ಹಿನ್ನೀರಿನ ಕಡೆ ನೋಡಿದಳು.

ಸೂರ್ಯ ನೀರಿಗೆ ತಾಗಿದ. ಕಪ್ಪೆಗಳು ವಟಗುಟ್ಟತೊಡಗಿದವು. ಒಳಗೆ ಗೋಡೆ ತೊಟ್ಟಿಕ್ಕುವ ಸದ್ದು ನಿಂತಿತು. ಪೂರ್ತಿ ನಿಂತಿತು. ನೀರು ಎದೆಗೇರಿತು. ಕಣ್ಣು ಮಂಜಾಯಿತು. ಬೆಳ್ಳಮ್ಮ ಬೆನ್ನು ತಿರುಗಿಸಿದಳು.

ಹಂಸ ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈಯನ್ನು ಬಿಟ್ಟಳು. ಬೇಕೆಂದೇ ಬಿಟ್ಟಳು.

“ಅಕ್ಕಾ!”

ಐದು ವರ್ಷದ ಮಗುವಿನ ಕೂಗು ಅದು. ಮೆಟ್ಟಿಲ ಮೇಲಿಂದ ಮುಗ್ಗರಿಸಿದಳು. ಚೂಡಾಮಣಿ ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಓಡಿ ಬಂದು ಎರಡೂ ಕೈಗಳಿಂದ ತಂಗಿಯನ್ನು ಎದೆಗೆ ಅವುಚಿಕೊಂಡಳು.

ಹಂಸಳ ಮೈ ಹಗುರಾಯಿತು. ಅಕ್ಕನ ಕೈಗಳ ಗಾಜಿನ ಬಳೆಗಳು ಬಿಗಿದವು. ಒಂದು ಒಡೆಯಿತು. ಇನ್ನೊಂದು. ಆಮೇಲೆ ಎಲ್ಲವೂ.

“ಹಂಸಿ, ಮುಟ್ಟಿದರೆ ನನಗೆ ಬರುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?”

ಹಂಸ ತನ್ನನ್ನು ಸುತ್ತಿದ್ದ ಕೈಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಅವು ಆಗಲೇ ದಪ್ಪಗಾಗಿದ್ದವು, ಬೆಚ್ಚಗಿದ್ದವು. ಬೆರಳಿಟ್ಟಲ್ಲೆಲ್ಲ ಗುಳಿ ಬಿದ್ದು ಹಾಗೇ ಉಳಿಯಿತು.