ಬೀಸುವ ಕಲ್ಲು ಮತ್ತು ಬಾವಿ

“ಗೂಟಕ್ಕ ಜೋರು ಹಾಕ. ಕಲ್ಲು ನಿಂತ ಬಿಡ್ತದ,” ಎಂದಳು ಅವ್ವ.

“ಅವ್ವಾ, ಇವತ್ತ ಸಾಲಿಯಿಂದ ಮಹಾಕೂಟಕ್ಕ ಹೋಗೂ ಗಾಡಿ ಅದ. ತಡಾ ಮಾಡಿದವರನ್ನ ಬಿಟ್ಟ ಹೋಗ್ತೇನಿ ಅಂದಾರ ದುರ್ಗಪ್ಪ ಮಾಸ್ತರು.”

“ಇನ್ನೊಂದ ಹಿಡಿ ಅಷ್ಟ.”

“ಆಗಿಂದ ಅದನ್ನ ಹೇಳ್ಲಿಕತ್ತೀದಿ.”

ಕುಮುದಿನಿಯ ಅಂಗೈ ಉರಿಯುತ್ತಿತ್ತು. ಬೀಸುವ ಕಲ್ಲಿಗೆ ಇಬ್ಬರು ಬೇಕು. ಮೊದಲು ಅವ್ವ, ಕಾಕಾನ ಹೆಂಡತಿ ತುಳಸೀಕಾಕು ಎದುರುಬದುರು ಕೂತು ಬೀಸುತ್ತಿದ್ದರು. ಎಮ್ಮೆ ಮಾರಿದ್ದಕ್ಕೆ ಅಪ್ಪ, ಅವನ ತಮ್ಮ ಕಾಕಾ ಜಗಳಾಡಿ ಅಂಗಳದ ನಡುವೆ ಸುಣ್ಣದ ಗೆರೆ ಎಳೆದರು. ಬಾವಿ ಕಾಕಾನ ಕಡೆ ಹೋಯಿತು, ಕಲ್ಲು ಈ ಕಡೆ ಉಳಿಯಿತು. ಗಿರಣಿ ಇದ್ದದ್ದು ದೂರದ ಕೆರೂರಿನಲ್ಲಿ. ಗಂಡಸರು ಮಾತು ಬಿಟ್ಟಮೇಲೆ ಹೆಂಗಸರೂ ಬಿಡಬೇಕಾಯಿತು.

ನಿನ್ನೆ ಮಾಸ್ತರು ಅಮೇರಿಕಾದ ಒಳಜಗಳದ ಪಾಠ ಮಾಡಿದ್ದರು. “ಒಂದ ದೇಶದವರ ಬಡಿದಾಡಿದ್ರು. ಉತ್ತರದವರ ಕಡೆ ಗಿರಣಿ, ರೈಲು. ದಕ್ಷಿಣದವರ ಕಡೆ ಹತ್ತಿ. ಧೈರ್ಯ ಎರಡೂ ಕಡೆ ಇತ್ತು. ಬೂಟು ಮಾತ್ರ ಉತ್ತರದವರ ಕಡೆ ಹೆಚ್ಚಿದ್ವು. ಅವರ ಗೆದ್ರು.”

ನಮ್ಮ ಮನೆಯಲ್ಲಿ ಯಾರು ಗೆಲ್ಲುತ್ತಾರೆ? ಕುಮುದಿನಿ ಲೆಕ್ಕ ಹಾಕಿದ್ದಳು. ರೊಟ್ಟಿ ಇಲ್ಲದಿದ್ದರೆ ಅವಲಕ್ಕಿ ತಿನ್ನಬಹುದು. ನೀರಿಲ್ಲದಿದ್ದರೆ? ಕಾಕಾನೇ ಗೆಲ್ಲಬೇಕು. ಆದರೂ ತಿಂಗಳಾಯಿತು, ಯಾರೂ ಸೋಲಲಿಲ್ಲ.

“ಕುಮುದಿನೀ,” ಗೆರೆಯ ಆಚೆಯಿಂದ ತುಳಸೀಕಾಕು ಕೂಗಿದಳು. “ಹಿಟ್ಟು ತಂದ ಕೊಡು. ಕೊಡ ತುಂಬೇದ, ಒಯ್ಯಿ.”

ಅವ್ವ ಹಿಟ್ಟಿನ ಬುಟ್ಟಿ ಅವಳ ಕೈಗಿಟ್ಟಳು. “ಹಿಟ್ಟು ಸಣ್ಣಗ ಆಗೇದ ಅಂತ ಹೇಳು.”

“ನೀನ ಹೇಳು. ಅಲ್ಲೇ ನಿಂತಾಳ.”

“ಬಾಯಿ ಭಾಳ ಆತು ನಿಂದು.”

ಕಾಕುವಿಗೆ ಹಿಟ್ಟು ಕೊಟ್ಟು, ಕುಮುದಿನಿ ಕೊಡ ಸೊಂಟಕ್ಕೇರಿಸಿದಳು. ನೀರು ತುಳುಕಿ ಲಂಗ ತೋಯಿತು. ಊರಬಾಗಿಲ ಅಗಸಿಯ ಕಡೆಯಿಂದ ಗಾಡಿ ಎತ್ತಿನ ಗೆಜ್ಜೆ ಸದ್ದು ಕೇಳಿಸಿತು. ಗೆರೆಯ ಮೇಲೆ ಬಂದಾಗ ಅವಳ ಕಾಲು ನಿಂತಿತು. ಈ ಕಡೆಯವರಿಗೆ ನೀರು ತರುವವಳು ಅವಳು. ಆ ಕಡೆಯವರಿಗೆ ಹಿಟ್ಟು ಒಯ್ಯುವವಳೂ ಅವಳೇ. ಹಾಗಾದರೆ ಸೋಲುವುದು ಯಾರು?

ಕೊಡವನ್ನು ಗೆರೆಯ ಮೇಲೇ ಇಳಿಸಿದಳು.

“ಯಾಕ ಅಲ್ಲಿಟ್ಟಿ?” ಎಂದಳು ಅವ್ವ.

“ನೀ ಯಾರ ಕಡಿ ಲೇ?” ಜಗಲಿಯಿಂದ ಕಾಕಾ ನಕ್ಕ.

“ಸಾಲಿ ಕಡಿ,” ಎಂದು ಕುಮುದಿನಿ ಪಾಟಿಚೀಲವನ್ನೂ ಮರೆತು ಓಡಿದಳು.

ಗಾಡಿ ಅಗಸಿ ದಾಟಿತ್ತು. ಹಿಂದೆ ಓಡಿ ಹಲಗೆ ಹಿಡಿದಳು. ಮಾಸ್ತರು ಗದರುತ್ತಲೇ ಕೈಕೊಟ್ಟು ಎಳೆದುಕೊಂಡರು.

ಸಂಜೆ ಮಹಾಕೂಟದ ಹೊಂಡದಲ್ಲಿ ಮಿಂದ ಒದ್ದೆ ಕೂದಲಲ್ಲೇ ಮರಳಿದಳು. ಅವ್ವನ ಬೈಗಳಿಗೆ ತಯಾರಾಗಿಯೇ ಬಂದಿದ್ದಳು. ಆದರೆ ಓಣಿಯಲ್ಲೇ ಕಲ್ಲಿನ ಸದ್ದು ಕೇಳಿಸಿತು. ಮುಂಜಾನೆಯಂತೆ ಕುಂಟುತ್ತಿರಲಿಲ್ಲ. ಒಂದೇ ಸಮ ತಿರುಗುತ್ತಿತ್ತು.

ಬಾಗಿಲ ಸಂದಿಯಿಂದ ನೋಡಿದಳು. ಅವ್ವ ಗೋಡೆಯ ಕಡೆ, ಕಾಕು ಕಿಟಕಿಯ ಕಡೆ ಮುಖ ತಿರುಗಿಸಿದ್ದರು. ಕೈಗಳು ಮಾತ್ರ ಒಂದೇ ಗೂಟದ ಮೇಲಿದ್ದವು. ಅವಳು ಗೆರೆಯ ಮೇಲೆ ಬಿಟ್ಟುಹೋದ ತುಂಬಿದ ಕೊಡ ಈಗ ಅವರ ಪಕ್ಕದಲ್ಲಿತ್ತು. ಗೆರೆಯ ಆಚೆ ಕಾಕಾ, ಈಚೆ ಅಪ್ಪ, ಹಸಿದು ಮುಖ ಗಂಟಿಕ್ಕಿಕೊಂಡು ಕೂತಿದ್ದರು.

“ಬಂದ್ಯಾ? ಬಾ, ಗೂಟ ಹಿಡಿ,” ಎಂದಳು ಅವ್ವ.

“ಅಕೀನ್ನ ಬಿಡ್ರಿ, ವೈನಿ. ದಣದ ಬಂದಾಳ,” ಎಂದಳು ಕಾಕು, ತಿಂಗಳ ಮೇಲೆ ಅವ್ವನನ್ನು ನೇರ ಮಾತಾಡಿಸಿ.

ಕಲ್ಲು ಒಂದು ಗಳಿಗೆ ನಿಂತಿತು. ಮತ್ತೆ ತಿರುಗಿತು.

ಕುಮುದಿನಿ ಕಟ್ಟೆಯ ಮೇಲೆ ಕೂತಳು. ಆ ಅಮೇರಿಕಾದ ಜಗಳದಲ್ಲಿ ನೀರು ಹೊತ್ತವರು ಯಾರು? ಮಾಸ್ತರು ಅದನ್ನು ಹೇಳಿರಲಿಲ್ಲ. ನಾಳೆ ಕೇಳಬೇಕು.

ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.