ಎದುರು ಬ್ಲಾಕಿನ ನೆರೆಹೊರೆ

ಸಂಕ್ರಾಂತಿಯ ಸಂಜೆ ಕುಸುರೆಳ್ಳಿನ ಡಬ್ಬಿ ಹಿಡಿದು ಪ್ರತಿಭಾ ಎದುರು ಬ್ಲಾಕಿನ ಮನೆಮನೆಯ ಬೆಲ್ ಒತ್ತಿದಳು. ಒಳಗೆ ಲೈಟ್ ಉರಿಯುತ್ತಿದೆ, ಬಾಗಿಲು ಮಾತ್ರ ಯಾರೂ ತೆಗೆಯಲೊಲ್ಲರು. ಎಂಥ ಜನವಪ್ಪಾ! ಅವಳ ಬಾಗಲಕೋಟೆಯಲ್ಲಾದರೆ ಎಳ್ಳು ಕೊಡಲು ಬಂದವರನ್ನು ಹೀಗೆ ಹೊರಗೆ ನಿಲ್ಲಿಸುತ್ತಾರೆಯೇ?

ಚಿಕ್ಕಬಾಣಾವರದ ಕಡೆ, ಕೆರೆ ದಂಡೆಯಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ನೂಲಿನ ಮಿಲ್ಲು ಈಗ ಹೊಸ ಬಡಾವಣೆಯಾಗಿತ್ತು. ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟು, ನೀರಿನಂಚಿಗೆ ವಾಕಿಂಗ್ ಪಾತ್. ಅಂಗಡಿಗಳ ಶಟರ್ ಮಾತ್ರ ಇನ್ನೂ ಎದ್ದಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಪ್ರತಿಭಾ ನೀರು ಕಾಣುವ ಮನೆಯೆಂದು ಆಸೆಪಟ್ಟು ಬಂದಿದ್ದಳು. ಅವಳ ಬ್ಲಾಕಿಗೆಲ್ಲ ಅವಳೊಬ್ಬಳೇ. ಎದುರಿನ ಕಿಟಕಿಗಳ ಬೆಳಕು ನೋಡುತ್ತ, ಅಲ್ಲಾದರೂ ಜನ ಇದ್ದಾರಲ್ಲ ಎಂದುಕೊಂಡು ತುತ್ತು ನುಂಗುತ್ತಿದ್ದಳು. ಇವತ್ತೂ ಯಾರೂ ಮಾತಾಡಿಸದಿದ್ದರೆ ಯಶವಂತಪುರದ ಪಿಜಿಗೇ ವಾಪಸ್ಸು ಎಂದು ಗಟ್ಟಿಮನಸ್ಸು ಮಾಡಿದ್ದಳು.

ಕಡೆಯ ಬಾಗಿಲು ತೆರೆಯಿತು. ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದ ಅಶ್ವತ್ಥ್. ಇಲ್ಲಿನ ಮೇಂಟೆನೆನ್ಸ್ ನೋಡಿಕೊಳ್ಳುವವನು.

"ಇದು ನಿಮ್ಮ ಮನಿ ಏನ್ರಿ?"

"ಅಯ್ಯೋ, ಇಲ್ಲ ಮೇಡಂ. ಈ ಬ್ಲಾಕಲ್ಲಿ ಯಾರೂ ಇಲ್ಲ. ಫ್ಲ್ಯಾಟ್ ನೋಡಕ್ಕೆ ಬರೋರಿಗೆ ಜನ ಇರೋ ಥರ ಕಾಣ್ಲಿ ಅಂತ ದಿನಾ ಸಂಜೆ ಲೈಟ್ ಹಾಕಿಸ್ತಾರೆ."

ಇಷ್ಟು ದಿನ ಬಲ್ಬುಗಳ ಜೊತೆ ಊಟ ಮಾಡಿದಳೇ, ಹುಚ್ಚಿ! ಪ್ರತಿಭಾಳ ಕಣ್ಣು ತುಂಬಿಬಂತು.

"ನಾ ನಾಳೆನೇ ಮನಿ ಬಿಡ್ತೀನ್ರಿ."

ಅಶ್ವತ್ಥನ ಮುಖ ಸಪ್ಪಗಾಯಿತು. "ಇವತ್ತು ಆಫೀಸಿಗೆ ರಜ. ಲೈಟ್ ಬೇಡ ಅಂದಿದ್ರು."

"ಮತ್ತ್ಯಾಕ ಬಂದ್ರಿ?"

"ದಿನಾ ಬಾಲ್ಕನೀಲಿ ಒಬ್ರೇ ತಟ್ಟೆ ಹಿಡ್ಕೊಂಡು ಈ ಕಡೆ ನೋಡ್ತಾ ಕೂತಿರ್ತೀರ. ಹಬ್ಬದ ದಿನ ಕತ್ತಲೆ ನೋಡ್ಕೊಂಡು ಉಣ್ಬೇಕಲ್ಲಾ ಅನ್ನಿಸ್ತು."

"ಮನ್ಯಾಗ ಏನೂ ಅನ್ನಲಿಲ್ಲೇನು?"

"ರಾಜಾನುಕುಂಟೇಲಿ ನಮ್ ದನಗಳಿಗೆ ಕಿಚ್ಚು ಹಾಯಿಸ್ತಾವ್ರೆ. ಬಿಟ್ಟು ಎಲ್ಲಿಗೋಯ್ತೀಯಾ ಅಂತ ಅಮ್ಮ ಬೈದ್ಲು. ಡ್ಯೂಟಿ ಅಂದೆ." ಅವಳತ್ತ ಒಮ್ಮೆ ನೋಡಿ, ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. "ಸುಳ್ಳು ಹೇಳ್ದೆ. ನಿಮ್ಮನ್ನ ನೋಡ್ಬೇಕಿತ್ತು."

ಪ್ರತಿಭಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನ ಕಿವಿ ಕೆಂಪಗಾಗಿದ್ದನ್ನು ಕಂಡು ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ನಾಳಿಂದ ಎಲ್ಲಾ ಮನಿ ಲೈಟ್ ಹಾಕ್ರಿ. ಈ ಕಡೀ ಮನೀದೊಂದು ಮಾತ್ರ ಬ್ಯಾಡ."

"ಯಾಕೆ ಮೇಡಂ?" ಅಶ್ವತ್ಥ್ ಗಾಬರಿಯಾದ.

"ಆ ಹೊತ್ತಿಗೆ ನಮ್ಮ ಮನೀಗೆ ಊಟಕ್ಕ ಬರ್ರಿ. ನನಗ ಒಬ್ಬಾಕೀಗೆ ತುತ್ತು ಇಳಿಯಂಗಿಲ್ಲ."